ಕುರ್ಚಿಗೆ ಉಡಿ ತುಂಬಿದವರು

ಮನುಷ್ಯರ ಬುದ್ಧಿಯ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ಕುಷ್ಟಗಿಯಲ್ಲಿ ಔಷಧಿ ಅಂಗಡಿ ತೆರೆದಾಗ ಸ್ವಲ್ಪ ಇತ್ತು. ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಅದನ್ನು ಕರಗಿಸಿಬಿಟ್ಟರು. ಬೆನ್ನುನೋವಿಗೆ ಪಕ್ಕದ ಮನೆಯವರ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವರು, ಕೆಮ್ಮಿನ ಔಷಧಿ ಸಿಹಿಯಾಗಿದೆಯೆಂದು ರೊಟ್ಟಿಗೆ ಹಚ್ಚಿಕೊಂಡು ತಿಂದವರು, ಕಣ್ಣಿನ ಹನಿಯನ್ನು ಕಿವಿಗೆ ಬಿಟ್ಟುಕೊಂಡು ಇನ್ನೂ ಕಣ್ಣು ಉರಿಯುತ್ತಿದೆಯೆಂದು ನನ್ನ ಮೇಲೆ ಎಗರಾಡಿದವರು, ಎಲ್ಲರನ್ನೂ ಕೌಂಟರಿನ ಹಿಂದೆ ನಿಂತು ನೋಡಿದ್ದೇನೆ. ಅವರೆಲ್ಲ ನನ್ನನ್ನು ‘ಡಾಕ್ಟ್ರ’ ಎಂದೇ ಕರೆಯುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಹೇಳುವುದನ್ನು ಯಾವತ್ತೋ ಬಿಟ್ಟಿದ್ದೆ.

ಆದರೂ ಕರೋನಾ ಬರುವ ತನಕ ದಡ್ಡತನಕ್ಕೆ ಎಲ್ಲೋ ಒಂದು ಕೊನೆಯಿದೆ ಎಂದುಕೊಂಡಿದ್ದೆ. ಮೊದಲ ವರ್ಷ ಮಾಸ್ಕ್ ಎಂಬುದು ನಮ್ಮೂರಲ್ಲಿ ಪೊಲೀಸರಿಗೆ ತೋರಿಸುವ ಸಾಮಾನಾಗಿತ್ತು. ದೂರದಲ್ಲಿ ಖಾಕಿ ಕಂಡರೆ ಗದ್ದದಿಂದ ಮೂಗಿಗೆ ಏರುತ್ತಿತ್ತು, ದಾಟಿದ ಮೇಲೆ ಮತ್ತೆ ಗದ್ದಕ್ಕೆ ಇಳಿಯುತ್ತಿತ್ತು. ಒಂದು ಬೈಕಿನಲ್ಲಿ ಮೂವರು ಬಂದರೆ ಮುಂದೆ ಕೂತವನಿಗಷ್ಟೇ ಮಾಸ್ಕ್, ಯಾಕೆಂದರೆ ದಂಡ ಹಾಕುವುದು ಅವನಿಗೆ. ಅಂಗಡಿಯ ಮುಂದೆ ನಾನು ಹಗ್ಗ ಕಟ್ಟಿದ್ದೆ. ಹಗ್ಗದಾಚೆ ನಿಂತವನು ನನಗೆ ಕೇಳಿಸಲೆಂದು ಮಾಸ್ಕ್ ಕೆಳಗೆಳೆದು, ಹಗ್ಗದ ಮೇಲಿಂದ ಬಾಗಿ, ನನ್ನ ಮುಖದ ಹತ್ತಿರ ಬಂದು ‘ಕೆಮ್ಮಿಗೆ ಏನರ ಕೊಡ್ರಿ ಡಾಕ್ಟ್ರ’ ಎನ್ನುತ್ತಿದ್ದ. ಕಲಿತವರೇನು ಕಡಿಮೆಯೇ? ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬರು ಅಂಗಿಯ ಬಣ್ಣಕ್ಕೆ ಹೊಂದುವ ಮಾಸ್ಕ್ ಹಾಕಿಕೊಂಡು ಬರುತ್ತಿದ್ದರು. ಒಂದು ದಿನ ಸೀನು ಬಂದಾಗ ಅದನ್ನು ಜೋಪಾನವಾಗಿ ತೆಗೆದು ಕೈಯಲ್ಲಿ ಹಿಡಿದು, ನನ್ನ ಕೌಂಟರಿನ ಮೇಲೆ ಜೋರಾಗಿ ಸೀನಿ, ಮತ್ತೆ ಹಾಕಿಕೊಂಡರು. ಒಳಗೆ ಸೀನಿದರೆ ಮಾಸ್ಕ್ ಹೊಲಸಾಗುತ್ತದಂತೆ.

ಇಷ್ಟು ಬೇರೆ ಊರುಗಳಲ್ಲೂ ನಡೆದಿರಬಹುದು. ನಮ್ಮ ಕಡೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಯಾರದಾದರೂ ಮನೆಗೆ ಹೋದರೆ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತೇವಲ್ಲ, ಇವರು ಅಲ್ಲೇ ಮಾಸ್ಕನ್ನೂ ಬಿಡುತ್ತಿದ್ದರು. ಚಪ್ಪಲಿಯ ಮೇಲೆ ಮಾಸ್ಕ್ ಇಟ್ಟು, ಗಾಳಿಗೆ ಹಾರಬಾರದೆಂದು ಅದರ ದಾರವನ್ನು ಚಪ್ಪಲಿಯ ಉಂಗುಟಕ್ಕೆ ಸಿಕ್ಕಿಸಿ, ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದರು. ನಮ್ಮ ಸಂಬಂಧಿಕರೊಬ್ಬರನ್ನು ನಾನೇ ಬಾಗಿಲಲ್ಲಿ ತಡೆದು ಯಾಕೆಂದು ಕೇಳಿದೆ. ‘ಹಿರೇರ ಮುಂದ ಬಾಯಿ ಮುಚ್ಚಿಕೊಂಡು ಕುಂದ್ರೂದು ಮರ್ಯಾದಿ ಅನಸಂಗಿಲ್ಲರಿ. ನಾವೇನು ಕಳ್ಳರೇನ್ರಿ?’ ಎಂದರು. ಯಲಬುರ್ಗಾದಿಂದ ಕುಷ್ಟಗಿಯವರೆಗೆ ಬಯಲಲ್ಲಿ ಒಬ್ಬರೇ ಬೈಕಿನ ಮೇಲೆ ಬರುವಾಗ ಮಾಸ್ಕ್ ಮೂಗಿನ ಮೇಲಿತ್ತು. ಫ್ಯಾನು ತಿರುಗುವ ಮುಚ್ಚಿದ ಕೋಣೆಯಲ್ಲಿ, ಅವರು ನೋಡಲು ಬಂದಿದ್ದ ಉಬ್ಬಸದ ಮುದುಕಿಯ ಪಕ್ಕ ಕೂರುವಾಗ ಅದು ಚಪ್ಪಲಿಯ ಮೇಲಿತ್ತು. ಹೊರಡುವಾಗ ಇನ್ನೊಂದು ಫಜೀತಿ. ಎಲ್ಲರವೂ ಅದೇ ನೀಲಿ ಮಾಸ್ಕುಗಳು. ಒಬ್ಬ ಪುಣ್ಯಾತ್ಮ ಒಂದೊಂದನ್ನೇ ಎತ್ತಿ ಮೂಸಿ, ‘ಇದು ನಂದ, ತಂಬಾಕದ ವಾಸನಿ ಐತಿ’ ಎಂದು ಹಾಕಿಕೊಂಡು ಹೋದ.

ಇಂಥವರ ನಡುವೆ ನನ್ನ ಅಕ್ಕನೂ ಒಬ್ಬಳು. ತಳಕಲ್ಲಿಗೆ ಮದುವೆಯಾಗಿ ಹೋದವಳು, ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ದೊಡ್ಡವನಾದ ಮೇಲೆ ನನ್ನ ಮಗಳನ್ನು ಅವಳ ಮಗನಿಗೇ ಕೊಟ್ಟೆ. ಹೀಗಾಗಿ ಅಕ್ಕನೂ ಅವಳೇ, ಬೀಗತಿಯೂ ಅವಳೇ. ಅವಳನ್ನು ಎದುರಿಗೇ ದಡ್ಡಿ ಎಂದು ಬೈಯುತ್ತಿದ್ದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ‘ಉಣ್ಣು ಬಾ’ ಎನ್ನುತ್ತಿದ್ದಳು. ಅವಳಿಗೆ ನಾನು ಹೆದರುತ್ತಿದ್ದೆ ಎಂಬುದನ್ನು ನನ್ನ ಹೆಂಡತಿ ಮಾತ್ರ ಬಲ್ಲಳು.

ಎರಡನೆಯ ವರ್ಷದ ಬೇಸಿಗೆಯಲ್ಲಿ ರೋಗ ಮತ್ತೆ ಬಂತು, ಈ ಸಲ ನಿಜವಾಗಿಯೂ ಕೊಲ್ಲಲೆಂದು ಬಂತು. ಆಗ ಮಗಳಿಗೆ ಏಳನೆಯ ತಿಂಗಳು ಹತ್ತಿರ ಬಂದಿತ್ತು. ಹಿಂದೊಮ್ಮೆ ಬಸುರು ನಿಲ್ಲದೆ ಹೋಗಿತ್ತು, ಆ ದುಃಖದಿಂದ ಅವಳು ಎದ್ದುಬರಲು ಬಹಳ ದಿನ ಬೇಕಾಗಿತ್ತು. ಅಳಿಯ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ಹಮಾಲರು ಹೊಟ್ಟಿನ ಧೂಳಿಗೆ ಹೆದರಿ ಮುಖ ತುಂಬ ಟವೆಲ್ ಸುತ್ತಿಕೊಂಡು ಚೀಲ ಹೊರುತ್ತಿದ್ದರಂತೆ, ಊಟಕ್ಕೆ ಬಿಟ್ಟ ಕೂಡಲೇ ಟವೆಲ್ ಬಿಚ್ಚಿ ಒಂದೇ ಬೀಡಿಯನ್ನು ಸುತ್ತಲೂ ಕೂತು ಸೇದುತ್ತಿದ್ದರಂತೆ. ಧೂಳು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದರ ಮೇಲೆ ಅವರಿಗೆ ನಂಬಿಕೆ. ಅಳಿಯನಿಗೂ ಭಯವಾಗಿ ಮಗಳನ್ನು ತಾನೇ ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದ. ಬಸುರಿಯರಿಗೆ ಲಸಿಕೆ ಇನ್ನೂ ಕೊಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ ವೈದ್ಯೆ ನನ್ನನ್ನು ಪಕ್ಕಕ್ಕೆ ಕರೆದು, ಈಗ ಇವಳಿಗೆ ರೋಗ ತಗುಲಿದರೆ ತಾಯಿಯೂ ಉಳಿಯುವುದು ಕಷ್ಟ, ಮಗುವೂ ಕಷ್ಟ, ಜನರ ನಡುವೆ ಬಿಡಬೇಡಿ ಎಂದರು. ಅಂದಿನಿಂದ ನನ್ನ ತಲೆಯಲ್ಲಿ ಅದೊಂದೇ ಉಳಿಯಿತು. ಅಂಗಡಿಯಿಂದ ಬಂದವನು ಹಿತ್ತಲಲ್ಲಿ ಸ್ನಾನ ಮಾಡಿ, ಹೊರಗಿನ ಕೋಣೆಯಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದೆ. ಮಗಳ ಜೊತೆ ಕಿಟಕಿಯಿಂದ ಮಾತಾಡುತ್ತಿದ್ದೆ.

ಲಸಿಕೆ ಬಂದಾಗ ಊರಿನ ಬಣ್ಣ ಪೂರಾ ಬಯಲಾಯಿತು. ನಮ್ಮ ಜನರಿಗೆ ಸೂಜಿ ಎಂದರೆ ಪ್ರಾಣ. ಸೂಜಿ ಚುಚ್ಚದ ಡಾಕ್ಟರನ್ನು ಡಾಕ್ಟರೇ ಅಲ್ಲ ಎನ್ನುತ್ತಾರೆ. ಹೊಲದ ಕೆಲಸ ಮಾಡಿ ಮೈಕೈ ನೋವಾದರೂ ‘ಗುಳಿಗಿ ನಾಟಂಗಿಲ್ಲರಿ, ಒಂದ ಸೂಜಿ ಮಾಡ್ರಿ’ ಎಂದು ದುಂಬಾಲು ಬೀಳುವವರು. ಇಷ್ಟು ವರ್ಷ ಅದರಲ್ಲಿ ಏನಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಸರ್ಕಾರವೇ ಪುಕ್ಕಟೆ ಸೂಜಿ ತಂದು ಮನೆ ಬಾಗಿಲಲ್ಲಿ ನಿಂತಾಗ ಇವರೆಲ್ಲ ಒಮ್ಮೆಲೇ ವಿಜ್ಞಾನಿಗಳಾದರು. ಅದರೊಳಗೆ ಏನು ಹಾಕ್ಯಾರೋ ಯಾರಿಗೆ ಗೊತ್ತು ಎಂದರು. ಎರಡು ವರ್ಷದಲ್ಲಿ ಸಾಯುತ್ತಾರಂತೆ, ಮಕ್ಕಳಾಗುವುದಿಲ್ಲವಂತೆ ಎಂದರು. ಎಪ್ಪತ್ತು ದಾಟಿದ ಮುದುಕರೂ ಮಕ್ಕಳಾಗದ ಚಿಂತೆಯಲ್ಲಿ ಮನೆಗೆ ಬೀಗ ಹಾಕಿ ಹೊಲಕ್ಕೆ ಓಡಿದರು. ಸಿದ್ದಾಪುರದ ಕಡೆಯ ನನ್ನ ಹಳೆಯ ಗಿರಾಕಿಯೊಬ್ಬ ಆರೋಗ್ಯ ಇಲಾಖೆಯವರ ಜೀಪು ಕಂಡು ಭತ್ತದ ಗದ್ದೆಗೆ ಇಳಿದು, ಕೆಸರಲ್ಲಿ ಕಾಲು ಹುಗಿದು, ಜೀಪು ಹೋಗುವ ತನಕ ಅಲ್ಲೇ ನಿಂತಿದ್ದನಂತೆ. ಆಮೇಲೆ ನನ್ನ ಬಳಿ ಬಂದು ಕೆಸರಿನಲ್ಲಿ ಕಾಲಿಗೆ ಗಾಯವಾಗಿದೆ, ಒಂದು ಸೂಜಿ ಹಾಕಿಸಿ ಎಂದ.

ಅಕ್ಕನದು ಹೆದರಿಕೆಯಲ್ಲ. ಅವಳದು ಬೇರೆಯೇ ಲೆಕ್ಕ. ಅದು ನನಗೆ ತಿಳಿದದ್ದು ಅವಳು ಮಗಳನ್ನು ಕುಬಸಕ್ಕೆ ಕರೆದೊಯ್ಯಲು ಬಂದ ದಿನ. ನಮ್ಮ ಕಡೆ ಚೊಚ್ಚಲ ಬಸುರಿಗೆ ಗಂಡನ ಮನೆಯಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಮುತ್ತೈದೆಯರೆಲ್ಲ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿ, ಒಬ್ಬೊಬ್ಬರೂ ತಮ್ಮ ಕೈಯಿಂದ ಒಂದೊಂದು ತುತ್ತು ತಿನ್ನಿಸಿದ ಮೇಲೆಯೇ ತವರಿಗೆ ಹೆರಿಗೆಗೆ ಕಳಿಸುವುದು. ಲಾಕ್‌ಡೌನ್ ಇನ್ನೂ ಬಿಗಿಯಾಗಿರಲಿಲ್ಲ. ಅಕ್ಕ ಯಾರದೋ ಗಾಡಿ ಮಾಡಿಕೊಂಡು ಬಂದಳು. ಮಾಸ್ಕ್ ತೆಗೆದು ಚಪ್ಪಲಿಯ ಮೇಲಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ನಾನು ಬಾಗಿಲಿಗೆ ಅಡ್ಡ ನಿಂತೆ.

‘ಯಕ್ಕಾ, ಅದನ್ನ ಹಾಕ್ಕೋ. ಇಲ್ಲೇ ಕಟ್ಟಿ ಮ್ಯಾಲ ಕುಂಡ್ರು.’

‘ಏನಪಾ ತಮ್ಮಾ, ನಾ ಏನು ರೋಗದಾಕಿ ಏನು? ನನ್ನ ತವರುಮನಿ ಇದು.’ ಬೇಸರದಿಂದಲೇ ಕಟ್ಟೆಯ ಮೇಲೆ ಕೂತಳು. ‘ಶುಕ್ರವಾರ ಛಲೋ ಐತಿ ಅಂದಾರ ಅಯ್ಯನವರು. ಹುಡುಗಿನ್ನ ಕಳಸು. ಕುಬಸ ಮುಗಿಸಿ ಮರುದಿನಾನ ತಂದು ಬಿಡ್ತೀನಿ.’

‘ಈ ಸಲ ಕುಬಸ ಗಿಬಸ ಏನೂ ಇಲ್ಲ.’

‘ಇಲ್ಲ ಅಂದ್ರ? ಉಡಿ ತುಂಬಲಾರದ ಹಂಗ ಹಡಿಯಾಕ ಬಿಡ್ಬೇಕೇನು? ಒಂದ ಸಲ ಹೋಗೇತಿ. ಈ ಸಲರ ಎಲ್ಲಾ ಸರಿಯಾಗಿ ಆಗ್ಲಿ ಅಂತ ನನಗಿಲ್ಲೇನು? ಮಂದಿ ಏನಂದಾರು?’

‘ಮಂದಿ ಏನರ ಅನ್ಲಿ. ರೋಗ ಬರೋದ ಮಂದಿ ಬಾಯಾಗಿಂದ.’

‘ಹೊರಗಿನವ್ರನ್ನ ಯಾರ್ನೂ ಕರದಿಲ್ಲೋ. ಎಲ್ಲಾ ನಮ್ಮ ಮಂದಿನ.’

ಈ ‘ನಮ್ಮ ಮಂದಿ’ ಎಂಬ ಮಾತು ಆ ವರ್ಷ ಎಷ್ಟು ಮನೆಗಳ ದೀಪ ಆರಿಸಿತೋ. ರೋಗ ಎಂಬುದು ಪರವೂರಿನವರ ಮೈಯಲ್ಲಿ ಮಾತ್ರ ಇರುತ್ತದೆ, ಬೀಗರು ನೆಂಟರ ಮೈಗೆ ಹತ್ತುವ ಧೈರ್ಯ ಅದಕ್ಕಿಲ್ಲ ಎಂದು ಇವರೆಲ್ಲ ನಂಬಿದ್ದರು. ಲಸಿಕೆಯಾದರೂ ಹಾಕಿಸಿಕೊಂಡೆಯಾ ಎಂದು ಕೇಳಿದೆ. ಅವಳ ವಯಸ್ಸಿನವರಿಗೆ ಆಗಲೇ ಕೊಡುತ್ತಿದ್ದರು.

‘ಕುಬಸ ಮುಗೀಲಿ, ಮರುದಿನಾನ ಹಾಕಿಸ್ಕೊಂತೀನಿ. ಹಾಕಿಸ್ಕೊಂಡ್ರ ಜ್ವರ ಬರ್ತಾವಂತಲ್ಲ. ಜ್ವರದ ಮೈಲೆ ಬಸುರಿ ಉಡಿ ಹೆಂಗ ತುಂಬ್ಲಿ? ಓಣ್ಯಾಗ ಎಲ್ಲಾರಿಗೂ ಅದನ್ನ ಹೇಳೀನಿ, ಕುಬಸ ಆಗೂತನಾ ಯಾರೂ ಹಾಕಿಸ್ಕೊಬ್ಯಾಡ್ರಿ ಅಂತ.’

ನಾನು ತಲೆ ಹಿಡಿದುಕೊಂಡೆ. ಉಡಿ ತುಂಬುವವರ ಮೈ ಶುದ್ಧವಾಗಿರಬೇಕೆಂದು ಓಣಿಗೆ ಓಣಿಯನ್ನೇ ಲಸಿಕೆಯಿಂದ ದೂರವಿಟ್ಟಿದ್ದಳು ನನ್ನ ಅಕ್ಕ. ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ನಾನು ಮೆಚ್ಚುತ್ತೇನೆ ಎಂದೇ ಕಾದು ನನ್ನ ಮುಖ ನೋಡುತ್ತಿದ್ದಳು. ನಾನು ಬಾಯಿಗೆ ಬಂದಂತೆ ಬೈದೆ. ಮಗಳನ್ನು ಕಳಿಸುವುದಿಲ್ಲ, ನೀವು ಯಾರೂ ಇಲ್ಲಿಗೆ ಬರುವುದೂ ಬೇಡ ಎಂದು ಓಣಿಗೆ ಕೇಳುವಂತೆ ಕೂಗಾಡಿದೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗಿನಿಂದ ಹೆಂಡತಿ ‘ಸಣ್ಣಾಗಿ ಮಾತಾಡ್ರಿ’ ಎಂದು ಗದರಿದಳು. ಕೊನೆಗೆ ಕಿಟಕಿಯ ಹಿಂದಿನಿಂದ ಮಗಳೇ ಒಂದು ದಾರಿ ಹೇಳಿದಳು.

‘ಅತ್ತಿ, ಅಳಬ್ಯಾಡ್ರಿ. ಫೋನಿನ್ಯಾಗ ಮಾಡ್ರಿ. ನಾ ಇಲ್ಲೇ ಹಸರ ಸೀರಿ ಉಟ್ಕೊಂಡು ಕುಂದ್ರತೀನಿ. ನೀವು ಅಲ್ಲಿಂದ ನೋಡ್ರಿ.’

ಅದು ಒಳ್ಳೆಯ ಉಪಾಯವೆಂದು ನನಗೂ ಅನ್ನಿಸಿತು. ಅಕ್ಕ ಒಪ್ಪಿದಳು. ಹೋಗುವಾಗ ಕಿಟಕಿಯ ಸರಳಿನ ಹೊರಗೆ ನಿಂತು ಸೊಸೆಯನ್ನು ಕಣ್ತುಂಬ ನೋಡಿ, ಅಲ್ಲಿಂದಲೇ ದೃಷ್ಟಿ ತೆಗೆದು ನೆಟಿಕೆ ಮುರಿದುಕೊಂಡಳು. ಆ ದಿನ ನಾನು ಗೆದ್ದೆ ಎಂದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಮಗಳಿಗೆ ಸೀರೆ ಉಡಿಸಿ ಕಿಟಕಿಯ ಒಳಗೆ ಕೂರಿಸಿದಳು, ನಾನು ಸರಳಿನ ಹೊರಗೆ ಕೂತೆ. ಫೋನು ಬಂತು. ತಳಕಲ್ಲಿನ ಪಡಸಾಲೆಯಲ್ಲಿ ಕುರ್ಚಿಯೊಂದಕ್ಕೆ ಬಾಳೆಕಂದು ಕಟ್ಟಿ, ಅದಕ್ಕೆ ಹಸಿರು ಸೀರೆ ಉಡಿಸಿ, ಬೆನ್ನಿಗೆ ಸೆರಗು ಹೊದಿಸಿ, ತಲೆ ಇರಬೇಕಾದ ಜಾಗದಲ್ಲಿ ಮಗಳ ಮುಖ ಕಾಣುವ ಫೋನೊಂದನ್ನು ಹೂವಿನ ಹಾರದಿಂದ ಕಟ್ಟಿದ್ದರು. ನಮಗೆ ಅದೆಲ್ಲ ಇನ್ನೊಬ್ಬರು ಹಿಡಿದ ಮತ್ತೊಂದು ಫೋನಿನಲ್ಲಿ ಕಾಣುತ್ತಿತ್ತು. ಕುರ್ಚಿಯ ಸುತ್ತ ರಂಗೋಲಿಯಿಂದ ದೊಡ್ಡ ಗೆರೆ ಎಳೆದಿದ್ದರು. ಅಕ್ಕ ಅದರ ಪಕ್ಕ ಕಾವಲು ನಿಂತು ಕೂಗುತ್ತಿದ್ದಳು: ‘ಗೆರಿ ದಾಟಬ್ಯಾಡ್ರೆವ್ವಾ! ಒಬ್ಬೊಬ್ರ ಬರ್ರಿ! ಕುರ್ಚಿಗೆ ಗರ್ದಿ ಆದ್ರ ತಮ್ಮ ಬೈತಾನ!’

ಗೆರೆಯನ್ನು ಯಾರೂ ದಾಟಲಿಲ್ಲ. ಗೆರೆಯ ಈಚೆ ಉಳಿದ ಪಡಸಾಲೆಯಲ್ಲಿ ಓಣಿಯ ಹೆಂಗಸರು ಗೋಡೆಯಿಂದ ಗೋಡೆಗೆ, ಭುಜಕ್ಕೆ ಭುಜ ಹಚ್ಚಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಎನ್ನುವಂತೆ ಕೂತಿದ್ದರು. ಒಬ್ಬರ ಮುಖದ ಮೇಲೂ ಮಾಸ್ಕ್ ಇರಲಿಲ್ಲ. ಆಗ ನನಗೆ ಇವರ ತಲೆ ಹೇಗೆ ಓಡುತ್ತದೆ ಎಂಬುದು ಹೊಳೆಯಿತು. ನಮ್ಮಲ್ಲಿ ದೂರ ಎಂದರೆ ಯಾವಾಗಲೂ ಒಬ್ಬರಿಂದ ಉಳಿದವರೆಲ್ಲ ದೂರ. ಮಡಿಯಲ್ಲಿರುವವರಿಂದ ದೂರ, ಮುಟ್ಟಾದವಳಿಂದ ದೂರ, ಸೂತಕದ ಮನೆಯಿಂದ ದೂರ. ಎಲ್ಲರೂ ಎಲ್ಲರಿಂದ ದೂರ ಇರುವುದು ಎಂಬುದು ಇವರ ಏಳು ತಲೆಮಾರು ಕೇಳದ ಮಾತು. ಬಸುರಿಯಿಂದ ದೂರ ಇರಿ ಎಂದು ನಾನು ಕೂಗಾಡಿದ್ದೆನಲ್ಲ, ಅದನ್ನು ಅವರು ನಿಷ್ಠೆಯಿಂದ ಪಾಲಿಸಿದರು. ಬಸುರಿ ಇಲ್ಲದ ಕುರ್ಚಿಯಿಂದ ದೂರ ಕೂತರು.

‘ಯಕ್ಕಾ, ಮಾಸ್ಕ್ ಎಲ್ಲಿ?’ ಎಂದು ಕಿಟಕಿಯಿಂದಲೇ ಫೋನಿಗೆ ಕೇಳುವಂತೆ ಕೂಗಿದೆ.

‘ಅದಾವಲ್ಲೋ!’ ಎಂದು ಅಕ್ಕ ಫೋನು ಇಸಿದುಕೊಂಡು ಬಾಗಿಲ ಕಡೆ ತಿರುಗಿಸಿದಳು. ಹೊಸ್ತಿಲಾಚೆ ಚಪ್ಪಲಿಗಳ ರಾಶಿ, ಅದರ ಮೇಲೆ ಮಾಸ್ಕುಗಳ ರಾಶಿ. ‘ನೋಡು, ಒಬ್ಬಾಕಿನೂ ತಪ್ಪಿಸಿಲ್ಲ. ಎಲ್ಲಾರೂ ತಂದಾರ.’

ಆಮೇಲೆ ನಡೆದದ್ದನ್ನು ನಾನು ಹಲ್ಲು ಕಡಿಯುತ್ತ ನೋಡಿದೆ. ಅಕ್ಕ ಕರೆದಂತೆ ಒಬ್ಬೊಬ್ಬಳೇ ಗೆರೆಯೊಳಗೆ ಹೋಗಿ ಕುರ್ಚಿಯ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿದಳು. ಹಣೆಗೆಂದು ಫೋನಿನ ಗಾಜಿಗೆ ಕುಂಕುಮ ಹಚ್ಚಿದರು. ಮೂರನೆಯವಳು ಹಚ್ಚುವಷ್ಟರಲ್ಲಿ ಮಗಳ ಮುಖ ಅಲ್ಲಿ ಯಾರಿಗೂ ಕಾಣದಾಯಿತು. ಒಬ್ಬಳು ಸೆರಗಿನ ತುದಿಯನ್ನು ಬಾಯಲ್ಲಿ ತೋಯಿಸಿ ಗಾಜು ಒರೆಸಿದಳು. ಅದೇ ಗಾಜಿಗೆ ಮುಂದಿನವಳು ಮುಖ ಹಚ್ಚಿ ‘ಆರಾಮ ಅದಿ ಏನವಾ?’ ಎಂದು ಕೂಗಿದಳು. ತುತ್ತು ತಿನ್ನಿಸುವ ಹೊತ್ತು ಬಂತು. ಹೋಳಿಗೆಯ ತುಂಡನ್ನು ಫೋನಿಗೆ ಹಿಡಿದು, ಬಸುರಿಗೆ ತೋರಿಸಿದ ತುತ್ತು ಕೆಳಗೆ ಇಡಬಾರದೆಂದು ಅದನ್ನೇ ಹರಿದು ಸುತ್ತಲಿದ್ದವರ ಬಾಯಿಗೆ ಇಟ್ಟರು. ನಗು, ಹಾಡು, ಆರತಿ. ನಾನು ಕೂಗಿದ್ದು ಹಾಡಿನಲ್ಲಿ ಮುಳುಗಿ ಹೋಯಿತು. ‘ಶುಭ ಕಾರ್ಯದಾಗ ಬೈಬಾರದು, ಸುಮ್ನಿರ್ರಿ’ ಎಂದು ಹೆಂಡತಿ ಫೋನನ್ನು ನನ್ನಿಂದ ದೂರ ಒಯ್ದಳು. ಮಗಳು ನಗುತ್ತಿದ್ದಳು, ಅವಳ ಕಣ್ಣಲ್ಲಿ ನೀರೂ ಇತ್ತು. ನಾನು ಎದ್ದು ಅಂಗಡಿಗೆ ಹೋದೆ.

ಒಂದು ವಾರ ಕಳೆಯಿತು. ತಳಕಲ್ಲಿನ ಆ ಓಣಿಯಲ್ಲಿ ಜ್ವರ ಶುರುವಾಯಿತು ಎಂದು ಅಳಿಯನಿಂದ ಗೊತ್ತಾಯಿತು. ಅವರು ಅದನ್ನು ಕರೋನಾ ಎನ್ನಲಿಲ್ಲ, ಟೈಫಾಯ್ಡ್ ಎಂದರು. ಆ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಟೈಫಾಯ್ಡೇ ಬಂದಿತ್ತು. ಟೆಸ್ಟ್ ಮಾಡಿಸಿದರೆ ಒಯ್ದು ಹಾಕುತ್ತಾರೆ ಎಂದು ಹೆದರಿ, ಮೂಗಿಗೆ ಏನೂ ವಾಸನೆ ಬರುತ್ತಿಲ್ಲವೆಂದು ಹೇಳಿಕೊಳ್ಳುತ್ತಲೇ ಟೈಫಾಯ್ಡ್ ಗುಳಿಗೆ ನುಂಗುತ್ತಿದ್ದರು. ನಾನು ಅಕ್ಕನಿಗೆ ದಿನವೂ ಫೋನು ಮಾಡುತ್ತಿದ್ದೆ. ‘ನನಗೇನಾಗೇತಿ, ಗಟ್ಟಿ ಅದೀನಿ’ ಎನ್ನುತ್ತಿದ್ದಳು. ಆಮೇಲೆ ಫೋನನ್ನು ಭಾವನೇ ಎತ್ತತೊಡಗಿದ. ಅಕ್ಕ ಹಿತ್ತಲಲ್ಲಿದ್ದಾಳೆ, ಅಕ್ಕ ಮಲಗಿದ್ದಾಳೆ ಎಂದ. ಒಂದು ಮಧ್ಯಾಹ್ನ ಅವನೇ ಫೋನು ಮಾಡಿ ಮಕ್ಕಳಂತೆ ಅತ್ತ. ಅವಳಿಗೆ ಉಸಿರಾಡಲು ಆಗುತ್ತಿರಲಿಲ್ಲ.

‘ಮದಲ ಯಾಕ ಹೇಳ್ಲಿಲ್ಲ? ನಾ ಇರೋದು ಯಾತಕ್ಕ?’ ಎಂದು ಅರಚಿದೆ.

‘ಆಕಿನ ಬ್ಯಾಡ ಅಂದಿದ್ಲಪಾ. ತಮ್ಮ ಬೈತಾನ, ಹುಡುಗಿ ಗಾಬ್ರಿ ಆಗ್ತಾಳ ಅಂತ ಮುಚ್ಚಿಟ್ಲು.’

ಕೊಪ್ಪಳದ ಆಸ್ಪತ್ರೆಗೆ ಸೇರಿಸಿದರು. ಅಂಗಡಿ ಮುಚ್ಚಿ ಹೋದರೂ ನನ್ನನ್ನು ಒಳಗೆ ಬಿಡಲಿಲ್ಲ. ಅಲ್ಲಿದ್ದವರೊಬ್ಬರ ಕೈಕಾಲು ಹಿಡಿದು ಫೋನಿನಲ್ಲಿ ಒಂದು ಸಲ ಮಾತಾಡಿದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು, ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ‘ಹುಡುಗಿ ಹೆಂಗದಾಳ?’ ಎಂದಳು. ಆರಾಮ ಇದ್ದಾಳೆ ಎಂದೆ. ‘ಆ ಸೂಜಿ ಹಾಕಿಸ್ಕೊಂತೀನೋ ತಮ್ಮಾ. ಇಲ್ಲಿಂದ ಹೋದಕೂಡ್ಲೆ. ಬೈಬ್ಯಾಡ’ ಎಂದಳು. ಅದೇ ಕೊನೆಯ ಮಾತು.

ಅವಳು ಹೋದ ಸುದ್ದಿ ತಳಕಲ್ಲಿಗೆ ಮುಟ್ಟಿದಾಗ, ಅವಳ ಪಡಸಾಲೆಯಲ್ಲಿ ತೊಡೆಗೆ ತೊಡೆ ಹಚ್ಚಿ ಕೂತು ಹೋಳಿಗೆ ತಿಂದ ಓಣಿ ಬಾಗಿಲು ಹಾಕಿಕೊಂಡಿತು. ಭಾವನ ಮನೆಯ ಮುಂದೆ ಯಾರೋ ಜಾಲಿಮುಳ್ಳಿನ ಕಂಟಿ ತಂದು ಒಟ್ಟಿದರು. ನೀರು ತರಲು ಹೊರಗೆ ಬಂದ ಭಾವನನ್ನು ಕಂಡು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಓಡಿದರಂತೆ. ದೂರ ಇರಬೇಕಾದ ಒಬ್ಬರು ಈಗ ಅವರಿಗೆ ಸಿಕ್ಕಿದ್ದರು. ಹೇಡಿಗಳು! ಬದುಕಿದ್ದಾಗ ಬೇಡವೆಂದರೂ ಮೈಮೇಲೆ ಬೀಳುವವರು, ಸತ್ತಾಗ ನಾಲ್ಕು ಹನಿ ಕಣ್ಣೀರಿಗೂ ಗತಿಯಿಲ್ಲದಂತೆ ಮಾಡಿದರು. ಆ ಓಣಿಯವರಲ್ಲಿ ಕೆಲವರು ಇವತ್ತಿಗೂ ಎದುರಿಗೆ ಬಂದರೆ ನಾನು ಮುಖ ತಿರುಗಿಸುತ್ತೇನೆ.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ಬಂತು, ಅವರದೇ ರೀತಿಯಲ್ಲಿ. ಬಸುರಿಯನ್ನು ಕಳಿಸದೆ ಖಾಲಿ ಕುರ್ಚಿಗೆ ಉಡಿ ತುಂಬಿಸಿದ್ದರಿಂದಲೇ ಮನೆಯ ಹಿರಿಯಳು ಹೋದಳು ಎಂದು ಓಣಿ ತೀರ್ಮಾನ ಮಾಡಿತು. ಅಂಥ ಅಪಶಕುನ ಮಾಡಿಸಿದ ಪಾಪಿ ನಾನು. ತವರಿನ ಬಾಗಿಲಲ್ಲಿ ತಡೆದು ಕೂರಿಸಿದ್ದಕ್ಕೆ ಹೊಟ್ಟೆ ಉರಿದುಕೊಂಡು ಸತ್ತಳು ಎಂದವರೂ ಇದ್ದಾರೆ. ಲಸಿಕೆ ಹಾಕಿಸಿಕೊಳ್ಳದವರಿಗೆ ರೇಷನ್ ಅಕ್ಕಿ ನಿಲ್ಲುತ್ತದೆ ಎಂಬ ಗಾಳಿಮಾತು ಮಳೆಗಾಲದಲ್ಲಿ ಹಬ್ಬಿದಾಗ ಇದೇ ಓಣಿ ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ತೋಳು ಚಾಚಿ ನಿಂತಿತಂತೆ. ಒಂದು ಸಾವು ಕಲಿಸದ್ದನ್ನು ಅಕ್ಕಿಯ ಚೀಲ ಕಲಿಸಿತು. ಮಗಳು ಕುಷ್ಟಗಿಯಲ್ಲೇ ಹೆಣ್ಣು ಹಡೆದಳು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಮೊಮ್ಮಗಳು ಈಗ ಸಾಲೆಗೆ ಹೋಗುತ್ತಾಳೆ, ನನ್ನಂತೆಯೇ ಮೂಗಿನ ತುದಿಯಲ್ಲಿ ಸಿಟ್ಟು.

ಅಕ್ಕನನ್ನು ಮಣ್ಣು ಮಾಡಿದ ದಿನದ ಒಂದು ಮಾತು ಮಾತ್ರ ನಾನು ಯಾರಿಗೂ ಹೇಳಿಲ್ಲ.

ನಮ್ಮಲ್ಲಿ ಹೆಣ್ಣುಮಗಳ ಮೈಮೇಲಿನ ಕೊನೆಯ ಸೀರೆ ತವರಿನದು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಬೇಕು. ಅಂಗಡಿಗಳೆಲ್ಲ ಮುಚ್ಚಿದ್ದವು. ಹೆಂಡತಿ ಟ್ರಂಕಿನಲ್ಲಿ ತನಗೆಂದು ಇಟ್ಟುಕೊಂಡಿದ್ದ, ಇನ್ನೂ ಮಡಿಕೆ ಬಿಚ್ಚದ ಹಸಿರು ಇಳಕಲ್ ಸೀರೆಯನ್ನು ತೆಗೆದುಕೊಟ್ಟಳು. ಅದನ್ನು ಎದೆಗೆ ಹಿಡಿದುಕೊಂಡು ಚೆಕ್‌ಪೋಸ್ಟುಗಳನ್ನು ದಾಟಿ ತಳಕಲ್ಲಿನ ಅವರ ಹೊಲಕ್ಕೆ ಹೋದೆ. ಭಾವನಿಗೆ ಮನೆ ಬಿಟ್ಟು ಬರುವಂತಿರಲಿಲ್ಲ. ಆಂಬುಲೆನ್ಸಿನಿಂದ ಇಳಿಸಿದ ಅಕ್ಕ ದಪ್ಪ ಪ್ಲಾಸ್ಟಿಕ್ ಚೀಲದೊಳಗಿದ್ದಳು. ತಲೆಯಿಂದ ಕಾಲಿನವರೆಗೆ ಬಿಳಿ ಕಿಟ್ ಹಾಕಿಕೊಂಡ ನಾಲ್ವರು ಹಿಡಿದುಕೊಂಡಿದ್ದರು. ಅವರಲ್ಲಿ ಒಬ್ಬ ಅವಳ ಮಗ, ನನ್ನ ಅಳಿಯ.

ನನಗೆ ಬದುವಿನ ಮೇಲೆ ನಿಲ್ಲಲು ಹೇಳಿದ್ದರು. ನಿಂತಿದ್ದೆ. ಅವರು ಅವಳನ್ನು ತಗ್ಗಿನ ಅಂಚಿಗೆ ತಂದಾಗ ನನ್ನ ಕಾಲು ತಾನಾಗಿಯೇ ಬದು ಇಳಿಯಿತು. ಎಲ್ಲ ಗೊತ್ತಿದ್ದವನು ನಾನು. ಆ ಚೀಲವನ್ನು ಯಾಕೆ ಬಿಚ್ಚಬಾರದು ಎಂದು ಊರಿಗೆಲ್ಲ ಹೇಳಬಲ್ಲವನು. ‘ಒಂದ್ ಸ್ವಲ್ಪ ಬಿಚ್ರಿ, ಮಾರಿ ನೋಡ್ತೀನಿ, ಸೀರಿ ಮೈಮ್ಯಾಲ ನಾನ ಹಾಕ್ತೀನಿ’ ಎಂದು ಕೈ ಮುಗಿದು ಅಂಗಲಾಚುತ್ತ ನಡೆದೆ. ಯಾರು ಏನೆಂದರೋ ಕೇಳಿಸಲಿಲ್ಲ. ನನ್ನ ಕೈಗೆ ಸಿಕ್ಕಿದ್ದರೆ ಆ ಪ್ಲಾಸ್ಟಿಕನ್ನು ಹರಿದು ಅವಳ ಕೆನ್ನೆಗೆ ಕೆನ್ನೆ ಹಚ್ಚುತ್ತಿದ್ದೆ. ಜೀವನವಿಡೀ ದಡ್ಡರೆಂದು ಬೈದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ, ನಾಚಿಕೆಯೂ ಆಗುತ್ತಿರಲಿಲ್ಲ.

ಅಳಿಯ ಅಡ್ಡ ಬಂದ. ಕನ್ನಡಕದೊಳಗೆ ಅವನ ಕಣ್ಣು ಕಾಣುತ್ತಿರಲಿಲ್ಲ, ಗಾಜಿಗೆಲ್ಲ ಹಬೆ ಕಟ್ಟಿತ್ತು.

‘ಮಾಮಾ, ಮುಂದ ಬರಬ್ಯಾಡ್ರಿ. ನೀವು ತಿರುಗಿ ಬಸುರಿ ಇರೋ ಮನಿಗೆ ಹೋಗವ್ರದೀರಿ.’

ನಾನು ನಿಂತೆ. ಅವನು ಹೇಳಿದ್ದು ಅಷ್ಟೇ. ಸೀರೆಯನ್ನು ಮಣ್ಣಿನ ಹೆಂಟೆಯ ಮೇಲೆ ಇಟ್ಟು ಹಿಂದೆ ಸರಿದು ಮತ್ತೆ ಬದುವಿನ ಮೇಲೆ ಹೋಗಿ ನಿಂತೆ. ಅವನು ಬಂದು ಅದನ್ನು ಎತ್ತಿಕೊಂಡು, ಮಡಿಕೆ ಬಿಚ್ಚಿ, ಚೀಲದ ಮೇಲೆ ಹರವಿದ. ಕಾಲಿನವರೆಗೆ ಸಾಲಿತೋ ಇಲ್ಲವೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ.